ಹೆಸರು ಗುಡುಗಿಗೆ, ಕೆಲಸ ಮಿಂಚಿನದು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮರಳ ಮೇಲೆ ಕೂತಿರುವ ಯುದ್ಧನೌಕೆಯನ್ನು ನೋಡಿರುತ್ತೀರಿ. ಹೆಸರು ಐಎನ್‌ಎಸ್ ಚಪಲ್. 1976ರಲ್ಲಿ ನೌಕಾಪಡೆಗೆ ಸೇರಿದ ಕ್ಷಿಪಣಿ ದೋಣಿ, ಈಗ ಮ್ಯೂಸಿಯಂ. ಚಪಲ ಅಂದರೆ ನಮಗೆ ಮೊದಲು ನೆನಪಾಗುವುದು ಬಾಯಿಚಪಲ. ಆದರೆ ಹಳೆಯ ನಿಘಂಟು ತೆಗೆದರೆ ಚಪಲೆ ಅಂದರೆ ಮಿಂಚು. ನಿಂತಲ್ಲಿ ನಿಲ್ಲದವಳು.

ಇದು ನನಗೆ ಬಹಳ ಇಷ್ಟವಾದ ಹೆಸರು. ಯಾಕೆಂದರೆ ಉಳಿದ ಕಡೆಯೆಲ್ಲ ಜನ ಮಿಂಚನ್ನು ಬಿಟ್ಟು ಗುಡುಗಿಗೇ ಮರುಳಾಗಿದ್ದಾರೆ. ರಾವಣನ ಮಗ ಹುಟ್ಟುವಾಗಲೇ ಮೋಡ ಗುಡುಗಿದ ಹಾಗೆ ಅತ್ತನಂತೆ, ಅದಕ್ಕೇ ಮೇಘನಾದ. ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ 19ನೇ ಶತಮಾನದಲ್ಲಿ ತನ್ನದೇ ಲೇಖನದ ಬಗ್ಗೆ ನಾವು ಗುಡುಗಿದೆವು ಅಂತ ಬರೆದುಕೊಂಡಿತು. ಸರಿ, 'ಥಂಡರರ್' ಅನ್ನುವ ಅಡ್ಡಹೆಸರು ಅಂಟಿಕೊಂಡಿತು. ಪಾಶ್ಚಾತ್ಯ ಸಂಗೀತದ ಬೀಥೋವನ್ ತನ್ನ 6ನೇ ಸಿಂಫನಿಯಲ್ಲಿ, ಅಂದರೆ ದೊಡ್ಡ ವಾದ್ಯಮೇಳದ ಕೃತಿಯಲ್ಲಿ, ಗುಡುಗಿನ ಸದ್ದಿಗೆಂದೇ ದೊಡ್ಡ ನಗಾರಿಗಳನ್ನು ಮಳೆಗಾಳಿಯ ಭಾಗ ಬರುವ ತನಕ ಸುಮ್ನೆ ಕೂರಿಸಿಟ್ಟ.

ಬ್ರಿಟಿಷ್ ನೌಕಾಪಡೆಗೂ ಥಂಡರರ್ ಹೆಸರಿನ ಹಡಗುಗಳಿದ್ದವು. ಅದರಲ್ಲೊಂದರ ಕಥೆ ಕೇಳಿ. 1876ರಲ್ಲಿ ಅದರ ಬಾಯ್ಲರ್ ಸಿಡಿದು 45 ಜನ ಸತ್ತರು. 1879ರಲ್ಲಿ ಜೋಡಿ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿದಾಗ ಒಂದು ಹಾರಲೇ ಇಲ್ಲ. ಪಕ್ಕದ ಫಿರಂಗಿಯ ಅಬ್ಬರದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೆ ಮತ್ತೊಮ್ಮೆ ಮದ್ದುಗುಂಡು ತುಂಬಿದರು. ಫಿರಂಗಿಯೇ ಒಡೆದು 11 ಜನ ಹೋದರು. ಗುಡುಗಿನ ಹೆಸರಿನ ಹಡಗು, ತನ್ನ ಸದ್ದಿಗೆ ತಾನೇ ಕಿವುಡಾಯಿತು.

ಕನ್ನಡದಲ್ಲಿ ಲೆಕ್ಕ ಚೊಕ್ಕವಾಗಿದೆ. ಬೆಳಕು ಮಿಂಚು, ಸದ್ದು ಗುಡುಗು, ಬಡಿಯುವುದು ಸಿಡಿಲು. ಆದರೂ ಗುಡುಗಿದರೆ ಕಿವಿ ಮುಚ್ಚಿಕೊಂಡು ಮರದ ಕೆಳಗೆ ಓಡುತ್ತೇವೆ! ಗುಡುಗು ಕೇಳಿಸಿತು ಅಂದರೆ ಆ ಮಿಂಚು ನಮ್ಮನ್ನು ಬಿಟ್ಟು ಹೋಯಿತು ಅಂತಲೇ ಅರ್ಥ. ಭಯಪಡಬೇಕಾದ್ದು ಮುಂದಿನದಕ್ಕೆ, ಅದೂ ಮರದ ಕೆಳಗೆ.

ಹಾಗಾದರೆ ಸದ್ದು ಯಾಕೆ? ಮಿಂಚು ಹಾಯುವ ದಾರಿಯ ಅಗಲ ಕೆಲವೇ ಸೆಂಟಿಮೀಟರ್. ಅಲ್ಲಿನ ಗಾಳಿ ಕಣ್ಣು ಮಿಟುಕಿಸುವ ಮೊದಲೇ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಜಾಸ್ತಿ. ಒಗ್ಗರಣೆಯ ಸಾಸಿವೆ ಚಟಪಟ ಅನ್ನುವುದು ಒಳಗಿನ ನೀರು ಆವಿಯಾಗಿ ಉಬ್ಬುವುದರಿಂದ ಅಲ್ವಾ? ಇಲ್ಲಿ ಗಾಳಿಯೇ ಸಾಸಿವೆ. ಉಬ್ಬಿದ ಗಾಳಿ ಸುತ್ತಲಿನ ಗಾಳಿಗೆ ಗುದ್ದುತ್ತದೆ. ಆ ಗುದ್ದೇ ಗುಡುಗು.

ಸದ್ದು ಗುಡುಗುಡು ಅಂತ ಎಳೆಯುವುದಕ್ಕೆ ಕಾರಣ ಇನ್ನೂ ಚಂದ. ಶಿರಸಿಯ ಮಾರಿಕಾಂಬಾ ಜಾತ್ರೆ ನೆನೆಸಿಕೊಳ್ಳಿ. ತೇರಿನ ಬೀದಿಯುದ್ದಕ್ಕೂ ನಿಂತ ಜನ ಒಂದೇ ಕ್ಷಣಕ್ಕೆ ಚಪ್ಪಾಳೆ ತಟ್ಟಿದರು ಅಂತಿಟ್ಟುಕೊಳ್ಳಿ. ಪಕ್ಕದವನ ಚಪ್ಪಾಳೆ ಮೊದಲು ಕೇಳುತ್ತದೆ, ಬೀದಿಯ ತುದಿಯವನದು ಕೊನೆಗೆ. ಮಿಂಚೂ ಕಿಲೋಮೀಟರುಗಟ್ಟಲೆ ಉದ್ದದ ಬೀದಿ. ಜೊತೆಗೆ ಘಟ್ಟದ ಗುಡ್ಡಗಳ ಮರುದನಿ ಬೇರೆ. ದೂರದ ಗುಡುಗು ಬರೀ ಗುಂ ಅನ್ನುವುದಕ್ಕೆ ಕಾರಣ ಬೇರೆ. ಯಕ್ಷಗಾನದ ಚಂಡೆ ರಂಗದ ಮುಂದೆ ಕೂತರೆ ಕಿವಿಗೆ ಚುಚ್ಚುತ್ತದೆ, ಎರಡು ಗದ್ದೆ ಆಚೆ ಅದರ ಮೊನಚು ಹೋಗಿರುತ್ತದೆ. ಸದ್ದಿನ ಚೂಪನ್ನು ಗಾಳಿ ದಾರಿಯಲ್ಲೇ ತಿಂದುಹಾಕುತ್ತದೆ.

6ನೇ ಶತಮಾನದ ಜ್ಯೋತಿಷಿ ವರಾಹಮಿಹಿರ ತನ್ನ ಬೃಹತ್ಸಂಹಿತೆ ಗ್ರಂಥದಲ್ಲಿ ಒಂದು ಮಾತು ಹೇಳಿದ್ದಾನೆ: ಗಾಳಿಗೆ ಗಾಳಿ ಬಡಿದು ನೆಲಕ್ಕೆ ಬೀಳುವುದೇ ನಿರ್ಘಾತ, ಅಂದರೆ ಆಕಾಶದ ಅಬ್ಬರ. ಅವನಿಗೆ ವಿದ್ಯುತ್ತು ಗೊತ್ತಿತ್ತು ಅಂತ ವಾಟ್ಸಾಪಿನಲ್ಲಿ ಹಂಚಬೇಡಿ ದಯವಿಟ್ಟು. ಅದೇ ಅಧ್ಯಾಯದಲ್ಲಿ ನಿರ್ಘಾತದ ಶಕುನಗಳೂ ಇವೆ. ಆದರೆ ಗಾಳಿಗೆ ಗಾಳಿ ಬಡಿಯುವುದು ಅಂತ ಊಹಿಸಿದನಲ್ಲ, ಆ ಊಹೆಗೆ ಶಹಬ್ಬಾಸ್. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ದಾಳಿಗೆ ಹೋದ ದೋಣಿಗಳಲ್ಲಿ ಒಂದರ ಹೆಸರು ಐಎನ್‌ಎಸ್ ನಿರ್ಘಾತ್. ನಮ್ಮ ಚಪಲ್ ಅದರ ನಂತರ ಬಂದ ತಲೆಮಾರಿನದು.

ಶಿರಸಿ ಕಡೆಯ ನಮ್ಮ ಹಳೇ ಮನೆಯಲ್ಲಿ ಅಜ್ಜಿ ಗುಡುಗು ಬಂದರೆ ಅಂಗಳಕ್ಕೆ ಕತ್ತಿ ಎಸೆಯುತ್ತಿದ್ದಳು. ಅದರಿಂದ ಏನೂ ಆಗುವುದಿಲ್ಲ. ಮೋಡದಿಂದ ಇಳಿಯುವ ಸಿಡಿಲಿಗೆ ನೆಲದ ಮೇಲಿನ ಕತ್ತಿ ಯಾವ ಲೆಕ್ಕ? ಪಕ್ಕದಲ್ಲೇ ತೆಂಗಿನ ಮರ ಇದೆ. ಆದರೆ ಅವಳ ಇನ್ನೊಂದು ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಮಿಂಚಿದ ಕೂಡಲೇ ಅರ್ಜುನಃ ಫಲ್ಗುಣಃ ಪಾರ್ಥಃ ಅಂತ ಹತ್ತು ಹೆಸರು ಶುರುಮಾಡುವುದು. ಗಡಿಯಾರ ಹಿಡಿದು ನೋಡಿದೆ. ನಿಧಾನಕ್ಕೆ ಹೇಳಿದರೆ ಧನಂಜಯ ಮುಟ್ಟಲು 9 ಸೆಕೆಂಡು. ಸದ್ದಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು. ಅಂದರೆ ಒಂದು ಶ್ಲೋಕಕ್ಕೆ 3 ಕಿಲೋಮೀಟರ್! ಮೂರು ಸಲ ಹೇಳಿ ಮುಗಿಸುವುದರೊಳಗೆ ಗುಡುಗಿದರೆ ಮನೆಯೊಳಗೆ ಹೋಗಿಬಿಡಿ. 10 ಕಿಲೋಮೀಟರ್ ದೂರದ ಮೋಡವೂ ನಿಮ್ಮ ಮೇಲೆ ಸಿಡಿಲು ಇಳಿಸಬಹುದು.

ಕಳೆದ ಮೇ ತಿಂಗಳಲ್ಲಿ ಒಣಹಾಕಿದ ಹಪ್ಪಳ ತೆಗೆಯುವಾಗ ಮಿಂಚಿತು. ಮಗಳು ಜೋರಾಗಿ ಶುರುಮಾಡಿದಳು. ಪಾರ್ಥಃ ಪೂರ್ತಿ ಆಗಲಿಲ್ಲ. ಹಪ್ಪಳವೆಲ್ಲ ಅಂಗಳದಲ್ಲೇ ನೆನೆಯಿತು.