ಮನೆಯಿಂದಲೇ ಸಭೆಗೆ ಬರುವವರು ಐಇಟಿಎಫ್ ನಾಯಕರನ್ನು ಇಳಿಸಬಹುದಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಮನೆಯಿಂದಲೇ ನೆಟ್‌ವರ್ಕಿಂಗ್ ಕೆಲಸ ಮಾಡುತ್ತೇನೆ. ಐಇಟಿಎಫ್ ಸಭೆಗಳಿಗೂ ಆನ್‌ಲೈನ್‌ನಲ್ಲೇ ಬರುತ್ತೇನೆ. ಅಲ್ಲಿನ ನಾಯಕರನ್ನು ಆರಿಸುವುದರಲ್ಲಿ, ಬೇಡ ಅನಿಸಿದರೆ ಇಳಿಸುವುದರಲ್ಲಿ ನನಗೂ ಪಾಲಿದೆಯಾ?

ಉತ್ತರ: ಇದೆ. 2020ಕ್ಕೆ ಮುಂಚೆ ಕೇಳಿದ್ದರೆ ಇಲ್ಲ ಅನ್ನಬೇಕಿತ್ತು.

ಇಂಟರ್ನೆಟ್‌ನ ತಾಂತ್ರಿಕ ನಿಯಮಗಳನ್ನು ಬರೆಯುವ ಐಇಟಿಎಫ್‌ಗೆ ಸದಸ್ಯತ್ವವೇ ಇಲ್ಲ, ಯಾರು ಬೇಕಾದರೂ ಬರಬಹುದು. ಸದಸ್ಯರ ಪಟ್ಟಿ ಇಲ್ಲದ ಕಡೆ ಚುನಾವಣೆ ಇಟ್ಟರೆ ದೊಡ್ಡ ಕಂಪನಿ ಜಾಸ್ತಿ ಜನ ಕಳಿಸಿ ಗೆದ್ದುಬಿಡುತ್ತದೆ. ಅದಕ್ಕೇ ಚೀಟಿ ಎತ್ತಿದ ಹಾಗೆ ಮಾಡುತ್ತಾರೆ. ತಾವಾಗಿ ಹೆಸರು ಕೊಟ್ಟವರಲ್ಲಿ 10 ಜನರನ್ನು ಎತ್ತಿ ನಾಮ್‌ಕಾಮ್ ಎಂಬ ಆಯ್ಕೆ ಸಮಿತಿ ಮಾಡುತ್ತಾರೆ. ನಾಯಕರನ್ನು ಆರಿಸುವುದು ಈ ಸಮಿತಿ. ಅದಕ್ಕೆ ಇನ್ನೊಂದು ಮಂಡಳಿಯ ಒಪ್ಪಿಗೆ ಬೇಕು.

ಎತ್ತುವ ರೀತಿ ನನಗೆ ತುಂಬಾ ಇಷ್ಟ. ಹೆಸರುಗಳಿಗೆ ಮೊದಲೇ ನಂಬರ್ ಹಾಕಿ ಎಲ್ಲರಿಗೂ ತೋರಿಸುತ್ತಾರೆ. ಇಂಥ ದಿನದ ಇಂಥ ಲಾಟರಿಯ ಅಂಕಿ ಬಳಸುತ್ತೇವೆ ಎಂದೂ ಮುಂಚೆಯೇ ಹೇಳಿಬಿಡುತ್ತಾರೆ. ಅಂಕಿ ಬಂದ ಮೇಲೆ 2004ರ ಆರ್‌ಎಫ್‌ಸಿ 3797 ಎಂಬ ಪ್ರಕಟಿತ ದಾಖಲೆ ಹೇಳಿದಂತೆ ಲೆಕ್ಕ ಹಾಕಿದರೆ ಹೆಸರು ಬೀಳುತ್ತವೆ. ಅದೇ ಲೆಕ್ಕವನ್ನು ನೀವು ಮಂಡ್ಯದಲ್ಲಿ ಕೂತು ಮಾಡಿ ತಾಳೆ ನೋಡಬಹುದು. ಒಂದೇ ಕಂಪನಿಯ ಮೂರನೆಯವರ ಹೆಸರು ಬಂದರೆ ಬಿಟ್ಟು ಮುಂದಕ್ಕೆ ಹೋಗುತ್ತಾರೆ.

ತಕರಾರು ಇದ್ದದ್ದು ಹೆಸರು ಕೊಡುವ ಅರ್ಹತೆಯಲ್ಲಿ. ಕಳೆದ 5 ಸಭೆಗಳಲ್ಲಿ 3ಕ್ಕೆ ಬಂದಿರಬೇಕಿತ್ತು, ಅದೂ ಖುದ್ದಾಗಿ. ನಮ್ಮ ಕಡೆ ಡೇರಿ ಸಂಘದ ಚುನಾವಣೆ ಬಂದಾಗ ‘ಮಹಾಸಭೆಗೆ ಬಂದಿಲ್ಲ, ಮತ ಇಲ್ಲ’ ಅಂತ ಜಗಳ ಆಗುತ್ತದಲ್ವಾ, ಹಾಗೇ. ಡೇರಿಗಾದರೆ ನಡೆದು ಹೋಗಬಹುದು, ಇಲ್ಲಿ ವೀಸಾ ಬೇಕು. ಕೋವಿಡ್‌ನಲ್ಲಿ ಸಭೆಗಳೇ ಆನ್‌ಲೈನ್ ಆದ ಮೇಲೆ ನಿಯಮ ಸಡಿಲವಾಯಿತು. 2023ರ ಆರ್‌ಎಫ್‌ಸಿ 9389 ಪ್ರಕಾರ ಆನ್‌ಲೈನ್ ಹಾಜರಿಯೂ ಹಾಜರಿಯೇ. ಸುಮ್ನೆ ನೋಂದಾಯಿಸಿಕೊಂಡರೆ ಸಾಲದು, ಲಾಗಿನ್ ಆಗಿ ಕೂತಿರಬೇಕು. ಸಭೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸಿಗೆಯ ಬೆಳಿಗ್ಗೆ 9:30ಕ್ಕೆ ಶುರುವಾದರೆ ನಿಮಗೆ ರಾತ್ರಿ 10. ನಿದ್ದೆಗೆಟ್ಟಿದ್ದಕ್ಕೆ ಇಷ್ಟಾದರೂ ಸಿಗಬೇಕಲ್ಲ!

ಇಳಿಸಲು ಕೇಳುವುದಕ್ಕೂ ಇದೇ ಅರ್ಹತೆ. ಅಂಥ 20 ಜನ ಸಹಿ ಹಾಕಿ ಕಾರಣ ಬರೆದುಕೊಡಬೇಕು. ಒಂದು ಕಂಪನಿಯಿಂದ ಇಬ್ಬರೇ. ಮತ್ತೆ ಚೀಟಿ ಎತ್ತಿ ವಿಚಾರಣೆಗೆ ಸಮಿತಿ ಮಾಡುತ್ತಾರೆ. ಸಹಿ ಹಾಕಿದವರಾಗಲಿ, ಆರೋಪ ಹೊತ್ತವರಾಗಲಿ ಅದರಲ್ಲಿ ಇರುವಂತಿಲ್ಲ. ಮತ ಹಾಕಿದವರಲ್ಲಿ ಮುಕ್ಕಾಲು ಪಾಲು ಹೌದು ಅಂದರೆ ಮಾತ್ರ ಕುರ್ಚಿ ಹೋಗುತ್ತದೆ.

20 ಜಾಸ್ತಿಯಾಯಿತಾ ಕಡಿಮೆಯಾಯಿತಾ ಅಂತ ವಾದ ಮಾಡಬಹುದು. ನನ್ನ ಕಣ್ಣಿಗೆ ದೊಡ್ಡ ಅಡ್ಡಿ ಬೇರೆ ಇದೆ: ಸಹಿ ಹಾಕಿದವರ ಹೆಸರನ್ನು ಎಲ್ಲರಿಗೂ ಪ್ರಕಟಿಸುತ್ತಾರೆ. ದೂರುವವರು ಎದುರಿಗೆ ಬರಬೇಕು ಅನ್ನುವುದು ನ್ಯಾಯವೇ. ಆದರೆ ಮೈಸೂರಿನ ಚಿಕ್ಕ ಕಂಪನಿಯಲ್ಲಿದ್ದು, ನಾಳೆ ತಾನು ಬರೆದ ತಾಂತ್ರಿಕ ನಿಯಮದ ಕರಡು ಅದೇ ನಾಯಕರ ಮುಂದೆ ಹೋಗಬೇಕಾದವರು ಎಷ್ಟು ಜನ ಸಹಿ ಹಾಕುತ್ತಾರೆ?

ಹಾಗಾಗಿ ಆಯ್ಕೆಯ ಹೊತ್ತಿನಲ್ಲೇ ಮಾತಾಡಿ ಅನ್ನುತ್ತೇನೆ. ಅಭ್ಯರ್ಥಿಗಳ ಬಗ್ಗೆ ನಾಮ್‌ಕಾಮ್‌ಗೆ ನೀವು ಹೇಳಿದ್ದು ಗುಟ್ಟಾಗಿರುತ್ತದೆ. ತಾಂತ್ರಿಕ ನಾಯಕರ ಅವಧಿ ಸಾಮಾನ್ಯವಾಗಿ 2 ವರ್ಷ, ಆ ಅವಕಾಶ ಬೇಗ ಬೇಗ ಬರುತ್ತಿರುತ್ತದೆ.