ಹೂ ಕೊಯ್ದರೆ ಪಾತಿ ಬೋಳಾಗುತ್ತಾ? ಕ್ಯಾಕ್ಟಸ್ ಡೇಲಿಯಾ ಬೆಳೆಸುವವರ ಪ್ರಶ್ನೆ

ಪ್ರಶ್ನೆ: ತೋಟದ ಅಂಚಿನ ಪಾತಿಯಲ್ಲಿ ಕ್ಯಾಕ್ಟಸ್ ಡೇಲಿಯಾ, ಅಂದರೆ ಸುರುಳಿಯಾದ ಚೂಪು ಎಸಳಿನ ಡೇಲಿಯಾ, ಹಾಕಿದ್ದೇನೆ. ಹೂದಾನಿಗೂ ಹೂ ಬೇಕು ಅಂತ ಆಸೆ. ಆದರೆ ಕೊಯ್ದರೆ ಪಾತಿಯ ಅಂದ ಹೋಗುತ್ತದಲ್ಲ ಅಂತ ಕೈ ಹಿಂಜರಿಯುತ್ತದೆ. ಎರಡಕ್ಕೂ ಬೇರೆ ಬೇರೆ ಗಿಡ ಹಾಕಬೇಕಾ?

ಬೇಡ. ನಿಜ ಹೇಳಬೇಕೆಂದರೆ ಕೊಯ್ಯದೆ ಬಿಟ್ಟ ಪಾತಿಯೇ ಬೇಗ ಬೋಳಾಗುವುದು. ಹೂ ಗಿಡದಲ್ಲೇ ಬಾಡಿ ಬೀಜ ಕಟ್ಟಲು ಶುರು ಮಾಡಿದರೆ ಗಿಡದ ಗಮನವೆಲ್ಲ ಆ ಕಡೆ ಹೋಗುತ್ತದೆ, ಹೊಸ ಮೊಗ್ಗು ಕಮ್ಮಿಯಾಗುತ್ತಾ ಬರುತ್ತದೆ. ಕೊಯ್ದಾಗ ಕೆಳಗಿನ ಗಿಣ್ಣುಗಳಿಂದ ಎರಡೆರಡು ಹೊಸ ಕವಲು ಹೊರಡುತ್ತವೆ. ಹಾಗಾಗಿ ಡೇಲಿಯಾದ ಮಟ್ಟಿಗೆ ಕತ್ತರಿ ಅಂದರೆ ಅರ್ಧ ಗೊಬ್ಬರ. ಆದರೆ ಎಲ್ಲಿ, ಯಾವಾಗ ಕತ್ತರಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ, ಮತ್ತು ಆ ಕೆಲಸ ಹೂ ಬರುವುದಕ್ಕೂ ತುಂಬಾ ಮೊದಲೇ ಶುರುವಾಗುತ್ತದೆ.

ಗಿಡ ಸುಮಾರು ಒಂದಡಿ ಎತ್ತರ ಬಂದು ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ ನಡುವಿನ ಕುಡಿಯನ್ನು ಚಿವುಟಿ ಹಾಕಿ. ಹೌದು, ಅಷ್ಟು ಚೆನ್ನಾಗಿ ಮೇಲೆ ಬರುತ್ತಿರುವ ಕುಡಿಯನ್ನೇ. ಮೊದಲ ಹೂ ಒಂದಷ್ಟು ದಿನ ತಡವಾಗುತ್ತದೆ ಅನ್ನುವುದು ನಿಜ, ಆದರೆ ಒಂದೇ ದಪ್ಪ ಕಾಂಡ ಮೇಲೆ ಹೋಗಿ ತುದಿಯಲ್ಲೊಂದು ಹೂ ಬಿಟ್ಟು ನಿಲ್ಲುವ ಬದಲು ಬುಡದಿಂದಲೇ ನಾಲ್ಕಾರು ಕವಲು ಬಂದು ಗಿಡ ಪೊದೆಯಾಗುತ್ತದೆ. ಪಾತಿಗೂ ಅದೇ ಚಂದ, ಹೂದಾನಿಗೂ ಅದೇ ಲಾಭ.

ಇನ್ನು ಕೊಯ್ಯುವ ವಿಷಯ. ಹೆಚ್ಚಿನವರು ಗಿಡಕ್ಕೆ ನೋವಾಗುತ್ತದೇನೋ ಅನ್ನುವಂತೆ ಹೂವಿನ ಕುತ್ತಿಗೆಯ ಹತ್ತಿರ, ನಾಲ್ಕು ಬೆರಳು ಉದ್ದದ ತೊಟ್ಟು ಬಿಟ್ಟು ಕತ್ತರಿಸುತ್ತಾರೆ. ಮುಂದಿನ ಹೂವಿನ ತೊಟ್ಟೂ ಗಿಡ್ಡವಾಗುವುದು ಇದರಿಂದಲೇ, ಯಾಕೆಂದರೆ ಹೊಸ ಕವಲು ಮೇಲಿನ ಗಿಣ್ಣಿನಿಂದಲೇ ಹೊರಡುತ್ತದೆ. ಧೈರ್ಯವಾಗಿ ಕೆಳಗೆ ಇಳಿಯಿರಿ. ಒಂದಡಿ, ಒಂದೂವರೆ ಅಡಿ ಕಾಂಡ ಬರುವ ಹಾಗೆ, ಒಂದು ಜೊತೆ ಎಲೆಯ ಸ್ವಲ್ಪ ಮೇಲೆ ಕತ್ತರಿಸಿ. ಕಾಂಡದ ಜೊತೆ ಒಂದೆರಡು ಪಕ್ಕದ ಮೊಗ್ಗು ಹೋದರೆ ಹೋಗಲಿ ಬಿಡಿ, ಕೆಳಗಿನಿಂದ ಬರುವ ಕವಲು ಉದ್ದವಾಗಿ, ಗಟ್ಟಿಯಾಗಿ ಬರುತ್ತದೆ.

ತುದಿಯ ಮೊಗ್ಗನ್ನು ಒಮ್ಮೆ ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಮೂರು ಇರುತ್ತವೆ, ನಡುವೆ ದೊಡ್ಡದು, ಅಕ್ಕಪಕ್ಕ ಸಣ್ಣವು ಎರಡು. ಆ ಎರಡನ್ನೂ ಬಟಾಣಿ ಗಾತ್ರ ಇರುವಾಗಲೇ ಬೆರಳಲ್ಲಿ ಪಕ್ಕಕ್ಕೆ ಬಾಗಿಸಿದರೆ ಟಕ್ಕನೆ ಕಳಚಿ ಬರುತ್ತವೆ. ನಡುವಿನ ಹೂ ದೊಡ್ಡದಾಗುತ್ತದೆ, ತೊಟ್ಟು ಉದ್ದವಾಗುತ್ತದೆ. ಬರೀ ಪಾತಿಯ ಬಣ್ಣ ಸಾಕು ಅನ್ನುವವರಿಗೆ ಈ ಉಸಾಬರಿ ಬೇಕಿಲ್ಲ. ಎರಡೂ ಬೇಕು ಅನ್ನುವವರು ಗಿಡದ ಅರ್ಧ ಕವಲುಗಳಿಗೆ ಮಾತ್ರ ಹೀಗೆ ಮಾಡಿ, ಉಳಿದದ್ದನ್ನು ಅದರ ಪಾಡಿಗೆ ಬಿಡಿ.

ಮೊಗ್ಗನ್ನೇ ಕೊಯ್ದು ನೀರಲ್ಲಿಟ್ಟರೆ ಅರಳುತ್ತದೆ ಅಂತ ಕಾಯಬೇಡಿ. ಗುಲಾಬಿಗೆ ನಡೆಯುತ್ತದೆ, ಡೇಲಿಯಾಕ್ಕೆ ನಡೆಯುವುದಿಲ್ಲ. ಮುಕ್ಕಾಲು ಭಾಗ ಅರಳಿದ ಮೇಲೆಯೇ ಕೊಯ್ಯಬೇಕು. ಹೂ ಹಳೆಯದಾ ಅಂತ ಮುಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ತಿರುಗಿಸಿ ಹಿಂದಿನ ಎಸಳು ಮುಟ್ಟಿ. ಗಟ್ಟಿಯಾಗಿದ್ದರೆ ಸರಿ. ಮೆತ್ತಗಾಗಿದ್ದರೆ ಅಥವಾ ಕಾಗದದ ಹಾಗೆ ಒಣಗಿದ್ದರೆ ಅದು ಹೂದಾನಿಗಲ್ಲ, ಗೊಬ್ಬರದ ಗುಂಡಿಗೆ. ಬಾಡಿದ ಹೂ ತೆಗೆಯುವಾಗ ಇನ್ನೊಂದು ಗೊಂದಲ ಆಗುತ್ತದೆ: ಎಸಳು ಉದುರಿದ ತಲೆಯೂ ಹೊಸ ಮೊಗ್ಗೂ ದೂರದಿಂದ ಒಂದೇ ಥರ ಕಾಣುತ್ತವೆ. ಹೊಸ ಮೊಗ್ಗು ಗುಂಡಗೆ, ಗಟ್ಟಿ. ಹೂ ಮುಗಿದದ್ದು ಚೂಪಾಗಿ, ಹಿಸುಕಿದರೆ ಮೆತ್ತಗೆ.

ಕೊಯ್ಯುವುದು ಬೆಳಗ್ಗೆ, ಬಿಸಿಲು ಏರುವ ಮೊದಲು. ನೀರಿನ ಬಕೆಟ್ ಜೊತೆಗೇ ಇರಲಿ. ಮನೆಯೊಳಗೆ ತಂದ ಮೇಲೆ ಕೆಳಗಿನ ಎಲೆ ತೆಗೆದು, ಕಾಂಡದ ತುದಿಯನ್ನು ಮತ್ತೊಮ್ಮೆ ಓರೆಯಾಗಿ ಕತ್ತರಿಸಿ, ಎರಡು ಮೂರು ಇಂಚು ಬಿಸಿನೀರಲ್ಲಿ ನಿಲ್ಲಿಸಿ. ಕುದಿಯುವ ನೀರಲ್ಲ, 70-80 ಡಿಗ್ರಿ ಸಾಕು. ಒಂದು ಗಂಟೆ ಅದರಲ್ಲೇ ತಣ್ಣಗಾಗಲಿ, ಆಮೇಲೆ ಹೂದಾನಿಗೆ. ದಿನವೂ ನೀರು ಬದಲಿಸಿದರೆ ನಾಲ್ಕರಿಂದ ಆರು ದಿನ ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ, ಡೇಲಿಯಾ ಸೇವಂತಿಗೆಯಲ್ಲ.

ತಳಿ ಆರಿಸುವಾಗ ಹೂವಿನ ಗಾತ್ರಕ್ಕೆ ಮರುಳಾಗಬೇಡಿ. ಕ್ಯಾಕ್ಟಸ್ ಗುಂಪಿನಲ್ಲಿ ಎಸಳು ಅರ್ಧಕ್ಕಿಂತ ಹೆಚ್ಚು ಉದ್ದ ಹಿಂದಕ್ಕೆ ಸುರುಳಿಯಾಗಿ ಮುಳ್ಳಿನಂತೆ ಚೂಪಾಗಿರುತ್ತದೆ, ಅರ್ಧಕ್ಕಿಂತ ಕಡಿಮೆ ಸುರುಳಿಯಾದರೆ ಸೆಮಿ ಕ್ಯಾಕ್ಟಸ್. ಎರಡರಲ್ಲೂ ಬೆರಳುದ್ದದ ಹೂವಿನಿಂದ ಹಿಡಿದು ತಟ್ಟೆಯಗಲದ ಹೂವಿನವರೆಗೆ ಸಿಗುತ್ತವೆ. ತಟ್ಟೆಯಗಲದ್ದು ಫೋಟೋಗೆ ಸರಿ. ಹೂದಾನಿಯಲ್ಲಿ ಅದರ ಭಾರಕ್ಕೆ ತೊಟ್ಟೇ ಬಗ್ಗುತ್ತದೆ, ಮಳೆ ಬಂದರೆ ಪಾತಿಯಲ್ಲೂ ನೆಲ ನೋಡುತ್ತದೆ. 10ರಿಂದ 15 ಸೆಂಟಿಮೀಟರ್ ಅಗಲದ ಹೂ ಬಿಡುವ ತಳಿಗಳು ಎರಡೂ ಕಡೆ ಸಲ್ಲುತ್ತವೆ. ಪಾತಿಯ ಮುಂದಿನ ಸಾಲಿಗೆ ಎರಡಡಿ ಆಸುಪಾಸಿನ ಗುಲಾಬಿ ಬಣ್ಣದ ಪಾರ್ಕ್ ಪ್ರಿನ್ಸೆಸ್ ಹೊಂದುತ್ತದೆ. ಮಧ್ಯಕ್ಕೆ ಮತ್ತು ಹಿಂದಕ್ಕೆ ಮೂರು ನಾಲ್ಕು ಅಡಿ ಬೆಳೆಯುವವು. ಕೊಯ್ಯುವ ಹೂವಿಗಾಗಿಯೇ ಬೆಳೆಸಿದ ಕರ್ಮಾ ಅನ್ನುವ ತಳಿಗಳ ಸಾಲೂ ಇದೆ, ಅದರಲ್ಲಿ ಕರ್ಮಾ ಸಾಂಗ್ರಿಯಾ ಕ್ಯಾಕ್ಟಸ್ ರೂಪದ್ದು. ಎತ್ತರದ ಗಿಡಗಳ ನಡುವೆ ಒಂದೂವರೆಯಿಂದ ಎರಡಡಿ ಜಾಗ ಬಿಡಿ, ಆಸರೆ ಕೋಲನ್ನು ಗಡ್ಡೆ ನೆಡುವಾಗಲೇ ನೆಡಿ. ಗಿಡ ಬೆಳೆದ ಮೇಲೆ ಚುಚ್ಚಿದರೆ ಕೋಲು ನೇರ ಗಡ್ಡೆಗೇ ಹೋಗುತ್ತದೆ.

ಗಡ್ಡೆಗೆ ನೀರೇ ಮೊದಲ ಶತ್ರು. 1872ರಲ್ಲಿ ಮೆಕ್ಸಿಕೋದಿಂದ ನೆದರ್ಲೆಂಡ್ಸ್‌ಗೆ ಹೋದ ಗಡ್ಡೆಗಳ ಪೆಟ್ಟಿಗೆಯಲ್ಲಿ ಒಂದೇ ಒಂದು ಬದುಕಿ ಉಳಿಯಿತಂತೆ. ಅದರಲ್ಲಿ ಬಂದ ಸುರುಳಿ ಎಸಳಿನ ಕೆಂಪು ಹೂವಿಗೆ ಮೆಕ್ಸಿಕೋದ ಅಧ್ಯಕ್ಷ ಬೆನಿಟೊ ಹ್ವಾರೆಸ್ ಹೆಸರಿಟ್ಟರು, ಇಂದಿನ ಕ್ಯಾಕ್ಟಸ್ ಡೇಲಿಯಾಗಳ ಮೂಲ ಅದೇ. ನಿಮ್ಮ ಗಡ್ಡೆಗೆ ಅಂಥ ಪರೀಕ್ಷೆ ಬೇಡ. ನೀರು ಬಸಿದು ಹೋಗುವ ಮಣ್ಣಲ್ಲಿ ನಾಲ್ಕೈದು ಇಂಚು ಆಳಕ್ಕೆ ನೆಟ್ಟು, ಚಿಗುರು ಮೇಲೆ ಕಾಣುವವರೆಗೆ ಸುಮ್ನೆ ಬಿಡಿ. ಮಣ್ಣಿನ ತೇವವೇ ಸಾಕು. ಬೇರು ಬರುವ ಮೊದಲು ನೀರು ಹಾಕಿದರೆ ಕುಡಿಯುವವರು ಯಾರೂ ಇಲ್ಲ, ಗಡ್ಡೆ ಕೊಳೆಯುತ್ತದೆ ಅಷ್ಟೆ. ಗಿಡ ದೊಡ್ಡದಾದ ಮೇಲೆ ಮಾತ್ರ ಬಾಯಾರಿಕೆ ಜಾಸ್ತಿ, ಆಗ ಬುಡಕ್ಕೆ ಚೆನ್ನಾಗಿ ಇಳಿಯುವ ಹಾಗೆ ಕೊಡಬೇಕು.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಯೂರಿಯಾದಂಥ ಸಾರಜನಕದ ಗೊಬ್ಬರ ಸುರಿದರೆ ಎಲೆ ನೋಡಿ ಖುಷಿಪಡಬಹುದು, ಹೂ ಬರುವುದಿಲ್ಲ. ಮೊಗ್ಗು ಕಾಣುವ ಹೊತ್ತಿಗೆ ಪೊಟ್ಯಾಶ್ ಜಾಸ್ತಿ ಇರುವ ಗೊಬ್ಬರಕ್ಕೆ ಬದಲಾಯಿಸಿ. ಎಳೆ ಚಿಗುರನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ, ಒಣ ಬಿಸಿಲಲ್ಲಿ ನುಸಿ ಬರುತ್ತದೆ, ಗಾಳಿಯಾಡದಿದ್ದರೆ ಬೂದಿ ರೋಗ. ಇವಕ್ಕೆಲ್ಲ ದಾರಿ ಇದೆ. ಆದರೆ ಎಲೆಯ ನರಗಳ ಉದ್ದಕ್ಕೂ ಹಳದಿ ಗೆರೆ ಮೂಡಿ ಗಿಡ ಕುಳ್ಳಾಗಿ ಉಳಿದರೆ ಅದು ಬಹುತೇಕ ವೈರಸ್. ಮದ್ದಿಲ್ಲ, ಗಡ್ಡೆ ಸಮೇತ ಕಿತ್ತು ಎಸೆಯಿರಿ. ಇಷ್ಟು ಹೂ ಕೊಯ್ಯುವವರು ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸುವ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟವಾದ ಹೂವಿನ ಬೀಜ ಹಿಡಿದಿಟ್ಟು ಮುಂದಿನ ವರ್ಷ ಅದೇ ಹೂ ಬರುತ್ತದೆ ಅಂದುಕೊಳ್ಳಬೇಡಿ. ಡೇಲಿಯಾದಲ್ಲಿ ವರ್ಣತಂತುಗಳು ಎರಡು ಸೆಟ್ ಅಲ್ಲ, ಎಂಟು ಸೆಟ್ ಇರುತ್ತವೆ. ಬೀಜದಿಂದ ಏನು ಬೇಕಾದರೂ ಬರಬಹುದು. ಅದೇ ಹೂ ಬೇಕೆಂದರೆ ಗಡ್ಡೆ ಅಥವಾ ಎಳೆ ಚಿಗುರಿನ ಕಟಿಂಗ್ ಮಾತ್ರ ದಾರಿ. ಹಿಮ ಬೀಳದ, ನೀರು ನಿಲ್ಲದ ಕಡೆ ಗಡ್ಡೆ ನೆಲದಲ್ಲೇ ಇರಲಿ. ಉಳಿದ ಕಡೆ ಗಿಡ ಒಣಗಿದ ಮೇಲೆ ಅಗೆದು, 5ರಿಂದ 10 ಡಿಗ್ರಿಯ ತಂಪಿನಲ್ಲಿ ಒಣ ಮರಳು ಅಥವಾ ಕೋಕೋಪೀಟ್ ಒಳಗಿಡಿ. ಗೊಂಚಲು ಒಡೆಯುವಾಗ ದಪ್ಪ ಗಡ್ಡೆ ಇದ್ದರೆ ಸಾಲದು, ಕುತ್ತಿಗೆ ಮುರಿದಿರಬಾರದು, ಕಾಂಡ ಸೇರುವ ಜಾಗದಲ್ಲಿ ಒಂದು ಕಣ್ಣಾದರೂ ಇರಬೇಕು. ಕಣ್ಣಿಲ್ಲದ ಗಡ್ಡೆ ವರ್ಷವಿಡೀ ಮಣ್ಣಲ್ಲಿದ್ದರೂ ಚಿಗುರುವುದಿಲ್ಲ. ಆಗ ತಾನೇ ಅಗೆದ ಗೊಂಚಲಿನಲ್ಲಿ ಕಣ್ಣು ಕಾಣುವುದು ಕಷ್ಟ, ಅನುಮಾನ ಇದ್ದರೆ ಇಡಿಯಾಗಿಯೇ ಇಟ್ಟು ನೆಡುವ ಮುಂಚೆ ಕಣ್ಣು ಉಬ್ಬಿದಾಗ ಒಡೆಯಿರಿ.