ವ್ಯಾಯಾಮದಲ್ಲಿ ರೂಢಿಯಾಗಬೇಕಾದದ್ದು ಯಾವುದು?

ಅಮೆರಿಕದ ಮೂರು ಜಿಮ್‌ಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ಹಾಜರಿಯನ್ನು ಮೂರು ವರ್ಷಗಳ ದಾಖಲೆಗಳಲ್ಲಿ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳ ಶುಲ್ಕ ಕಟ್ಟಿ ಸದಸ್ಯರಾಗಿದ್ದವರು ಸರಾಸರಿ ತಿಂಗಳಿಗೆ ನಾಲ್ಕು ಸಲಕ್ಕಿಂತ ತುಸು ಹೆಚ್ಚು ಮಾತ್ರ ಜಿಮ್‌ಗೆ ಬರುತ್ತಿದ್ದರು. ಹೋದ ದಿನಕ್ಕಷ್ಟೇ ಹಣ ಕೊಡುವ ಚೀಟಿ ಅಲ್ಲಿಯೇ ಸಿಗುತ್ತಿತ್ತಾದರೂ, ಲೆಕ್ಕ ಹಾಕಿ ನೋಡಿದರೆ, ಅವರು ಒಂದೊಂದು ಭೇಟಿಗೂ ಅದರ ಒಂದೂವರೆ ಪಟ್ಟಿಗಿಂತ ಹೆಚ್ಚು ತೆರುತ್ತಿದ್ದರು. ಈ ಜನರಿಗೆ ಗುಣಾಕಾರ ಬರುತ್ತಿರಲಿಲ್ಲವೆಂದಲ್ಲ. ಮುಂದಿನ ತಿಂಗಳು ತಾವು ಈಗಿನದಕ್ಕಿಂತ ಹೆಚ್ಚು ಶಿಸ್ತಿನ ಮನುಷ್ಯರಾಗಿರುತ್ತೇವೆ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು.

ವ್ಯಾಯಾಮ ಒಳ್ಳೆಯದೆಂಬ ಅರಿವಿಗೆ ಇಂದು ಕೊರತೆಯಿಲ್ಲ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆ ಅಥವಾ ಅದರ ಅರ್ಧದಷ್ಟು ಕಾಲದ ತೀವ್ರ ಚಟುವಟಿಕೆ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಮಾಡಬೇಕೆಂಬ ಹಳೆಯ ನಿಯಮವನ್ನೂ ಆಗಲೇ ಕೈಬಿಟ್ಟಿತು. ಆದರೂ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ. 31ರಷ್ಟು ಮಂದಿ, ಅಂದರೆ ಸುಮಾರು 180 ಕೋಟಿ ಜನ, ಇದರ ಕನಿಷ್ಠ ಮಟ್ಟವನ್ನೂ ಮುಟ್ಟಿರಲಿಲ್ಲ. ತಿಳಿದದ್ದಕ್ಕೂ ಮಾಡುವುದಕ್ಕೂ ನಡುವೆ ಇರುವ ಈ ಅಂತರವನ್ನು ಮನೋಬಲದ ಕೊರತೆಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಕಳೆದ ಎರಡು ದಶಕಗಳ ಸಂಶೋಧನೆ ಮಾತ್ರ ಬೇರೆಡೆಗೆ ಬೆರಳು ತೋರಿಸುತ್ತದೆ.

ಮೊದಲಿಗೆ 21 ದಿನಗಳ ಮಾತನ್ನು ಬದಿಗಿಡಬೇಕು. ಯಾವುದೇ ಅಭ್ಯಾಸ 21 ದಿನಗಳಲ್ಲಿ ಮೈಗೂಡುತ್ತದೆ ಎಂಬ ನಂಬಿಕೆಯ ಬೇರು ಇರುವುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಅನುಭವದ ಮಾತಿನಲ್ಲಿ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ 21 ದಿನ ಹಿಡಿಯುತ್ತದೆ ಎಂದು ಅವರು ಹೇಳಿದ್ದರು. ‘ಕಡಿಮೆಯೆಂದರೂ’ ಎಂಬುದು ದಾರಿಯಲ್ಲಿ ಎಲ್ಲೋ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನಗಳ ಕಾಲ ಗಮನಿಸಿ, ಒಂದು ಕೆಲಸ ಯೋಚನೆಯಿಲ್ಲದೆ ನಡೆಯುವಂತಾಗಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿದಾಗ, ಮಧ್ಯಾಂಕವಾಗಿ ಬಂದದ್ದು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಇದು 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು. ಈ ದೊಡ್ಡ ಸಂಖ್ಯೆ ನೇರವಾಗಿ ಕಂಡದ್ದಲ್ಲ, ಗಣಿತದ ರೇಖೆಯನ್ನು ಮುಂದಕ್ಕೆ ಎಳೆದು ಅಂದಾಜಿಸಿದ್ದು. ಒಂದು ಲೋಟ ನೀರು ಕುಡಿಯುವಂಥ ರೂಢಿ ಬೇಗ ನೆಲೆಗೊಂಡರೆ, ವ್ಯಾಯಾಮ ಹೆಚ್ಚು ಕಾಲ ಬೇಡಿತು. 2023ರಲ್ಲಿ ಪ್ರಕಟವಾದ, ಒಂದು ಕೋಟಿಗೂ ಹೆಚ್ಚು ಜಿಮ್ ಭೇಟಿಗಳ ದಾಖಲೆಯನ್ನು ಕಂಪ್ಯೂಟರ್ ನೆರವಿನಿಂದ ವಿಶ್ಲೇಷಿಸಿದ ಅಧ್ಯಯನವೂ ಜಿಮ್‌ಗೆ ಹೋಗುವ ರೂಢಿ ಬೆಳೆಯಲು ತಿಂಗಳುಗಳೇ ಬೇಕೆಂದು ಕಂಡುಕೊಂಡಿತು. ಆಸ್ಪತ್ರೆಯ ಸಿಬ್ಬಂದಿಗೆ ಕೈತೊಳೆಯುವ ರೂಢಿ ಬರಲು ವಾರಗಳು ಸಾಕಾಗಿದ್ದವು. ನಾಲ್ಕನೇ ವಾರದಲ್ಲೂ ಹೊರಡಲು ಮನಸ್ಸು ಒಪ್ಪದಿದ್ದರೆ ಅದು ಸೋಲಲ್ಲ, ಸಹಜ.

ವ್ಯಾಯಾಮಕ್ಕೆ ಇಷ್ಟು ಕಾಲ ಏಕೆ ಬೇಕು? ರೂಢಿಯ ಕೆಲಸಗಳನ್ನು ನಡೆಸುವಲ್ಲಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯ ಎಂಬ ನರಕೋಶಗಳ ಗುಚ್ಛಗಳಿಗೆ ದೊಡ್ಡ ಪಾತ್ರವಿದೆ. ಇಲಿಗಳು ಸಣ್ಣದೊಂದು ಕವಲುದಾರಿಯಲ್ಲಿ ಓಡಲು ಕಲಿಯುವಾಗ ಈ ಭಾಗದ ನರಕೋಶಗಳ ಸಂಕೇತಗಳನ್ನು ದಾಖಲಿಸಿದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆನ್ ಗ್ರೇಬಿಯಲ್ ತಂಡಕ್ಕೆ ಒಂದು ಸ್ವಾರಸ್ಯ ಕಾಣಿಸಿತು. ಕಲಿಕೆಯ ಆರಂಭದಲ್ಲಿ ಓಟದ ಉದ್ದಕ್ಕೂ ಹರಡಿದ್ದ ಚಟುವಟಿಕೆ, ದಾರಿ ರೂಢಿಯಾಗುತ್ತಿದ್ದಂತೆ, ಓಟದ ಆದಿ ಮತ್ತು ಅಂತ್ಯಗಳಲ್ಲಿ ಒತ್ತಾಗಿ ಸೇರಿಕೊಂಡಿತು. ನಡುವಿನದೆಲ್ಲ ಒಂದೇ ಗಂಟಾಗಿ ತಾನಾಗಿಯೇ ಸಾಗುತ್ತಿತ್ತು. ಹಲ್ಲುಜ್ಜುವಂಥ ಕೆಲಸಕ್ಕೆ ಈ ಚಿತ್ರ ಪೂರ್ತಿ ಹೊಂದುತ್ತದೆ. ಆದರೆ ನಲವತ್ತು ನಿಮಿಷಗಳ ಓಟವೋ ಈಜೋ ಅಷ್ಟು ಸಲೀಸಾಗಿ ಗಂಟು ಕಟ್ಟಿಸಿಕೊಳ್ಳುವುದಿಲ್ಲ. ಪ್ರತಿ ನಿಮಿಷವೂ ಮೈ ತನ್ನ ದಣಿವನ್ನು ವರದಿ ಮಾಡುತ್ತಲೇ ಇರುತ್ತದೆ, ಮುಂದುವರಿಯಲೋ ನಿಲ್ಲಿಸಲೋ ಎಂಬ ಪ್ರಶ್ನೆಯೂ ಏಳುತ್ತಲೇ ಇರುತ್ತದೆ.

ಅದಕ್ಕಾಗಿಯೇ ಮನೋವಿಜ್ಞಾನಿಗಳಾದ ಅಲಿಸನ್ ಫಿಲಿಪ್ಸ್ ಮತ್ತು ಬೆಂಜಮಿನ್ ಗಾರ್ಡ್ನರ್ ವ್ಯಾಯಾಮದ ರೂಢಿಯನ್ನು ಎರಡಾಗಿ ಸೀಳಿ ನೋಡಿದರು: ವ್ಯಾಯಾಮಕ್ಕೆ ಹೊರಡುವ ರೂಢಿ ಒಂದು, ವ್ಯಾಯಾಮದೊಳಗಿನ ಕ್ರಮವನ್ನು ಅನುಸರಿಸುವ ರೂಢಿ ಇನ್ನೊಂದು. ಒಬ್ಬರು ಎಷ್ಟು ಸಲ ವ್ಯಾಯಾಮ ಮಾಡುತ್ತಾರೆ ಎಂಬುದರ ಸುಳಿವು ಸಿಕ್ಕಿದ್ದು ಮೊದಲನೆಯದರಲ್ಲಿ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿ ಇರುವುದು ಇಲ್ಲಿಯೇ. ಇಂದು ಓಟ, ನಾಳೆ ಭಾರ ಎತ್ತುವುದು ಎಂದು ಬಗೆ ಬದಲಾದರೂ ಚಿಂತೆಯಿಲ್ಲ. ಬಟ್ಟೆ ಬದಲಿಸಿ, ಬೂಟು ಕಟ್ಟಿ, ಬಾಗಿಲು ದಾಟುವವರೆಗಿನ ಐದು ನಿಮಿಷ ಮಾತ್ರ ಯೋಚನೆಗೆ ಎಡೆಗೊಡದೆ ನಡೆಯುವಂತಾಗಬೇಕು. ಅದರಾಚೆಗಿನ ಹೊತ್ತನ್ನು ರೂಢಿ ಕಾಯುವುದಿಲ್ಲ. ಅದನ್ನು ಕಾಯಬೇಕಾದದ್ದು ಹಿತ.

ಹಿತ ಎನ್ನುವುದು ಇಲ್ಲಿ ಸಡಿಲವಾದ ಮಾತಲ್ಲ, ಅಳೆಯಬಹುದಾದ ಸಂಗತಿ. ವ್ಯಾಯಾಮ ಮಾಡುತ್ತಿರುವವರನ್ನು ಆ ಕ್ಷಣದಲ್ಲೇ ಕೇಳಿ, ಅತಿ ಅಹಿತಕ್ಕೆ ಮೈನಸ್ 5, ಅತಿ ಹಿತಕ್ಕೆ ಪ್ಲಸ್ 5 ಎಂಬ ಮಾಪಕದಲ್ಲಿ ಸಂಶೋಧಕರು ಉತ್ತರ ಪಡೆಯುತ್ತಾರೆ. ವ್ಯಾಯಾಮದ ಮನೋವಿಜ್ಞಾನಿ ಪ್ಯಾಂಟೆಲಿಮನ್ ಎಕೆಕಾಕಿಸ್ ಈ ಅಂಕಗಳನ್ನು ತೀವ್ರತೆಯೊಡನೆ ಜೋಡಿಸಿ ನೋಡಿದಾಗ ಒಂದು ಸ್ಪಷ್ಟ ತಿರುವು ಕಂಡಿತು. ತೀವ್ರತೆ ಏರುತ್ತಾ ಹೋದಂತೆ, ಒಂದು ಹಂತದಲ್ಲಿ ಸ್ನಾಯುಗಳಲ್ಲಿ ಉತ್ಪತ್ತಿಯಾಗುವ ಲ್ಯಾಕ್ಟೇಟ್ ರಕ್ತದಲ್ಲಿ ಶೇಖರವಾಗತೊಡಗುತ್ತದೆ. ಅದರೊಂದಿಗೆ ಬರುವ ಆಮ್ಲೀಯತೆಯನ್ನು ರಕ್ತದ ಬೈಕಾರ್ಬೊನೇಟ್ ತಣಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಹೊರಹಾಕಲು ಉಸಿರಾಟ ಥಟ್ಟನೆ ಬಿರುಸಾಗುತ್ತದೆ. ಹೀಗೆ ಬಿರುಸಾಗುವ ಹಂತವೇ ಉಸಿರಾಟದ ಹೊಸ್ತಿಲು. ಅದರ ಕೆಳಗೆ ಬಹುಪಾಲು ಜನರಿಗೆ ವ್ಯಾಯಾಮ ಹಿತವೆನಿಸುತ್ತದೆ. ಹೊಸ್ತಿಲಿನ ಆಸುಪಾಸಿನಲ್ಲಿ ಅಭಿಪ್ರಾಯ ಒಡೆಯುತ್ತದೆ. ಅದನ್ನು ದಾಟಿ ಸಾಕಷ್ಟು ಮೇಲೇರಿದರೆ ಹೆಚ್ಚುಕಡಿಮೆ ಎಲ್ಲರ ಅಂಕವೂ ಇಳಿಮುಖ. ಉಪಕರಣವಿಲ್ಲದೆ ಇದನ್ನು ಅರಿಯುವ ದಾರಿಯೂ ಇದೆ: ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಆರಾಮವಾಗಿ ಮಾತನಾಡಲು ಆಗುತ್ತಿದ್ದರೆ ನೀವು ಹೊಸ್ತಿಲಿನ ಈಚೆಗಿದ್ದೀರಿ, ಎರಡು ಮಾತಿಗೊಮ್ಮೆ ಏದುಸಿರು ಬಂದರೆ ದಾಟಿದ್ದೀರಿ.

ಇಲ್ಲೊಂದು ಅನ್ಯಾಯವಿದೆ. ಹೊಸದಾಗಿ ಆರಂಭಿಸುವವರಲ್ಲಿ, ಅದರಲ್ಲೂ ತೂಕ ಹೆಚ್ಚಿರುವವರಲ್ಲಿ, ಈ ಹೊಸ್ತಿಲು ಬಹಳ ತಗ್ಗಿನಲ್ಲಿರುತ್ತದೆ. ಪಳಗಿದವರಿಗೆ ಮೈ ಬಿಸಿ ಮಾಡಿಕೊಳ್ಳುವಂತಿರುವ ವೇಗ ಈ ಹೊಸಬರಿಗೆ ಹಿಂಸೆ. ಬೆವರಿಳಿಯದೆ, ಮೈಕೈ ನೋಯದೆ ಫಲವಿಲ್ಲವೆಂದು ನಂಬಿ ಮೊದಲ ದಿನವೇ ಆ ವೇಗಕ್ಕೆ ಇಳಿದವರು ಎರಡನೇ ವಾರದಲ್ಲಿ ಕಾಣೆಯಾಗುವುದರಲ್ಲಿ ಆಶ್ಚರ್ಯವೇನಿಲ್ಲ. 2008ರಲ್ಲಿ ಡೇವಿಡ್ ವಿಲಿಯಮ್ಸ್ ಮತ್ತು ಸಂಗಡಿಗರು ನಡೆಸಿದ ಸಣ್ಣದೊಂದು ಅಧ್ಯಯನದಲ್ಲಿ, ಮೊದಲು ವ್ಯಾಯಾಮವನ್ನೇ ಮಾಡದಿದ್ದವರು ಮಧ್ಯಮ ತೀವ್ರತೆಯ ವ್ಯಾಯಾಮದ ನಡುವೆ ಕೊಟ್ಟ ಅಂಕಕ್ಕೂ ಅವರ ಮುಂದಿನ ನಡವಳಿಕೆಗೂ ನಂಟು ಕಂಡಿತು: ಮಾಪಕದಲ್ಲಿ ಒಂದು ಅಂಕ ಹೆಚ್ಚಿದ್ದವರು ಆರು ತಿಂಗಳ ಬಳಿಕ ವಾರಕ್ಕೆ ಸುಮಾರು 38 ನಿಮಿಷ ಹೆಚ್ಚು ಚಟುವಟಿಕೆಯಿಂದಿದ್ದರು. ನಂಟು ಕಂಡಮಾತ್ರಕ್ಕೆ ಕಾರಣ ಸಿಕ್ಕಿತೆನ್ನಲಾಗದು. ಆದರೂ ಖುಷಿಯನ್ನು ಶಿಸ್ತಿನ ಕೊನೆಯಲ್ಲಿ ಸಿಗುವ ಬಹುಮಾನವೆಂದು ಭಾವಿಸಿ ಮುಂದೂಡುವವರು ಗಮನಿಸಬೇಕಾದ ಫಲಿತಾಂಶ ಇದು.

ನಮ್ಮ ನೆನಪು ಮತ್ತು ನಿರೀಕ್ಷೆಗಳೂ ಇಲ್ಲಿ ಆಟ ಹೂಡುತ್ತವೆ. 2011ರಲ್ಲಿ ಮ್ಯಾಥ್ಯೂ ರೂಬಿ ಮತ್ತು ಎಲಿಜಬೆತ್ ಡನ್ ಮುಂತಾದವರು ತೋರಿಸಿದಂತೆ, ವ್ಯಾಯಾಮದಿಂದ ತಮಗೆ ಸಿಗಲಿರುವ ಸಂತೋಷವನ್ನು ಜನ ಮೊದಲೇ ಊಹಿಸುವಾಗ ನಿಜಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ. ಏಕೆಂದರೆ ಊಹೆಯಲ್ಲಿ ಎದ್ದು ಕಾಣುವುದು ಆರಂಭದ ಕೆಲವು ಅಹಿತದ ನಿಮಿಷಗಳು. ಇಷ್ಟವಾದ ಭಾಗವನ್ನು ಮೊದಲಿಗೆ ಇಟ್ಟುಕೊಂಡವರ ನಿರೀಕ್ಷೆ ಮೇಲೇರಿತು. ಮುಗಿಸುವ ಬಗೆಯೂ ಮುಖ್ಯವೇ. 2016ರ ಪ್ರಯೋಗವೊಂದರಲ್ಲಿ 15 ನಿಮಿಷಗಳ ಸೈಕಲ್ ತುಳಿತವನ್ನು ಕೆಲವರಿಗೆ ಹಗುರದಿಂದ ಕಠಿಣಕ್ಕೂ, ಉಳಿದವರಿಗೆ ಕಠಿಣದಿಂದ ಹಗುರಕ್ಕೂ ಸಾಗುವಂತೆ ಮಾಡಲಾಯಿತು. ಹಗುರವಾಗಿ ಮುಗಿಸಿದವರು ಅದನ್ನು ಹೆಚ್ಚು ಹಿತವಾದದ್ದೆಂದು ನೆನಪಿಟ್ಟುಕೊಂಡರು, ಮುಂದಿನ ಸಲವೂ ಹಾಗೆಯೇ ಇರುವುದೆಂದು ನಿರೀಕ್ಷಿಸಿದರು. ಕೊನೆಯ ಸುತ್ತಿನಲ್ಲಿ ಉಳಿದ ಶಕ್ತಿಯನ್ನೆಲ್ಲ ಸುರಿಯುವ ಜನಪ್ರಿಯ ಪದ್ಧತಿ ಈ ಬೆಳಕಿನಲ್ಲಿ ಅಷ್ಟು ಜಾಣತನದ್ದಾಗಿ ತೋರುವುದಿಲ್ಲ.

ಹೊರಗಿನಿಂದ ಖುಷಿಯನ್ನು ತಂದು ಅಂಟಿಸುವ ಪ್ರಯತ್ನಗಳೂ ನಡೆದಿವೆ. ಜನರ ನಡವಳಿಕೆಯನ್ನು ಅಧ್ಯಯನ ಮಾಡುವ ಕೇಟಿ ಮಿಲ್ಕ್‌ಮನ್ ಮತ್ತು ಸಹೋದ್ಯೋಗಿಗಳು ಕುತೂಹಲ ಕೆರಳಿಸುವ ಕಾದಂಬರಿಗಳ ಧ್ವನಿಮುದ್ರಿಕೆಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಸಿಗುವಂತೆ ಮಾಡಿದಾಗ, ಆ ಗುಂಪಿನ ಭೇಟಿಗಳು ಆರಂಭದಲ್ಲಿ ಶೇ. 51ರಷ್ಟು ಹೆಚ್ಚಿದವು, ರಜೆಯ ದಿನಗಳು ಬಂದು ಹೋದ ಮೇಲೆ ಆ ಏರಿಕೆ ಕರಗಿತು. ಸಮಯದ ವಿಷಯದಲ್ಲಿ ಅವರ ಮತ್ತೊಂದು ಪ್ರಯೋಗ ನನಗೆ ಇನ್ನೂ ಹೆಚ್ಚು ಕಲಿಸಿತು. ಗೂಗಲ್ ಉದ್ಯೋಗಿಗಳ ಒಂದು ಗುಂಪಿಗೆ ತಾವೇ ಗೊತ್ತುಮಾಡಿದ ಹೊತ್ತಿಗೆ ಜಿಮ್‌ಗೆ ಹೋದರೆ ಮಾತ್ರ ಹಣ, ಇನ್ನೊಂದಕ್ಕೆ ಯಾವ ಹೊತ್ತಿಗೆ ಹೋದರೂ ಹಣ ಎಂದು ಕೊಟ್ಟು, ಬಳಿಕ ಹಣ ನಿಲ್ಲಿಸಿ ನೋಡಿದರು. ಗಡಿಯಾರ ನೋಡಿ ನಡೆದವರಲ್ಲಿ ರೂಢಿ ಗಟ್ಟಿಯಾಗಿರಬೇಕೆಂಬ ನಿರೀಕ್ಷೆ ಸುಳ್ಳಾಯಿತು. ಅವರು ಆ ಹೊತ್ತಿಗೆ ಕಟ್ಟುಬಿದ್ದಿದ್ದರು. ಹೊತ್ತು ತಪ್ಪಿದ ದಿನ ಬೇರೆ ಹೊತ್ತಿನಲ್ಲಿ ಹೋಗುವುದು ಕಡಿಮೆಯಾಯಿತು. ನಿಗದಿತ ಹೊತ್ತು ಬೇಡವೆಂದು ಇದರ ಅರ್ಥವಲ್ಲ. ಆ ಹೊತ್ತು ತಪ್ಪಿದರೆ ಏನು ಮಾಡುವುದೆಂಬ ಎರಡನೇ ಯೋಜನೆ ಮೊದಲೇ ಸಿದ್ಧವಿರಬೇಕು, ಅಷ್ಟೆ.

ತಪ್ಪುವುದಂತೂ ತಪ್ಪಿದ್ದಲ್ಲ. ಲ್ಯಾಲಿ ಅವರ ಅಧ್ಯಯನದಲ್ಲಿ ಒಂದು ದಿನ ಬಿಟ್ಟುಹೋದದ್ದರಿಂದ ರೂಢಿಯ ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲ. 2021ರಲ್ಲಿ ಮಿಲ್ಕ್‌ಮನ್ ತಂಡ 61 ಸಾವಿರ ಜಿಮ್ ಸದಸ್ಯರ ಮೇಲೆ 54 ಬಗೆಯ ಉತ್ತೇಜನಗಳನ್ನು ಏಕಕಾಲಕ್ಕೆ ಪರೀಕ್ಷಿಸಿದಾಗ ಮುಂಚೂಣಿಯಲ್ಲಿ ನಿಂತದ್ದು, ಒಂದು ದಿನ ತಪ್ಪಿಸಿಕೊಂಡ ಮೇಲೆ ಮತ್ತೆ ಬಂದವರಿಗೆ ಕೊಟ್ಟ ಅತಿ ಸಣ್ಣ ಬಹುಮಾನ. ನಾಲ್ಕು ವಾರಗಳ ಕಾರ್ಯಕ್ರಮ ಮುಗಿದ ಬಳಿಕವೂ ಪರಿಣಾಮ ಉಳಿದದ್ದು ಶೇ. 8ರಷ್ಟು ಉತ್ತೇಜನಗಳದ್ದು ಮಾತ್ರ ಎಂಬುದನ್ನೂ ಇಲ್ಲಿ ಸೇರಿಸಬೇಕು.

ದಿನಗಳ ಬದಲು ವಾರಗಳೇ ತಪ್ಪಿದಾಗ ಲೆಕ್ಕ ಬದಲಾಗುತ್ತದೆ. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಚೆನ್ನಾಗಿ ಪಳಗಿದ ಏಳು ಮಂದಿಯ ತರಬೇತಿಯನ್ನು ನಿಲ್ಲಿಸಿ ಅಳೆದಾಗ, ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಮೊದಲ 21 ದಿನಗಳಲ್ಲಿ ಶೇ. 7ರಷ್ಟು, 56 ದಿನಗಳ ಹೊತ್ತಿಗೆ ಶೇ. 16ರಷ್ಟು ಇಳಿದಿತ್ತು. ಇದರೊಂದಿಗೆ ಉಸಿರಾಟದ ಹೊಸ್ತಿಲೂ ತಗ್ಗುತ್ತದೆ. ಕಾಯಿಲೆಯಿಂದಲೋ ಪ್ರಯಾಣದಿಂದಲೋ ತಿಂಗಳು ಬಿಟ್ಟು ಮರಳಿದವರು ಹಳೆಯ ವೇಗವನ್ನೇ ಹಿಡಿದರೆ, ಹಿಂದೆ ಹಿತವಾಗಿದ್ದ ಅದೇ ದೂರ ಈಗ ಹೊಸ್ತಿಲಿನ ಆಚೆ ಬಿದ್ದಿರುತ್ತದೆ. ಅದು ಆಲಸ್ಯದಂತೆ ಭಾಸವಾದರೂ ಬರೀ ದೇಹಶಾಸ್ತ್ರ. ಮತ್ತೆ ಮಾತನಾಡಿಕೊಂಡು ಸಾಗಬಲ್ಲ ವೇಗದಿಂದ ತೊಡಗಿ, ವೇಗಕ್ಕಿಂತ ಮೊದಲು ವಾರದ ದಿನಗಳ ಸಂಖ್ಯೆಯನ್ನು ಹೆಚ್ಚಿಸುತ್ತಾ ಹೋದರೆ, ಕೆಲವು ವಾರಗಳಲ್ಲಿ ಹೊಸ್ತಿಲು ಮೇಲೇರುತ್ತದೆ. ಆಗ ಏದುಸಿರಿಲ್ಲದೆ ಹತ್ತಬಹುದಾದ ಏರುಗಳು ತಾವಾಗಿಯೇ ಹೆಚ್ಚುತ್ತವೆ.